ಎಡಗಡೆಯ ಸೋಂಬೇರಿ

ಜನವರಿ 9

ತಮ್ಮನಿಗೆ,

ಎಂಟು ತಿಂಗಳ ಮೇಲೆ ಅಣ್ಣನ ಕಾಗದ ಬಂತೆಂದು ಹುಬ್ಬೇರಿಸಬೇಡ. ಕೆಲಸವಿದೆ, ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲೇ ಮುಗಿಸಬಹುದಿತ್ತು. ಆದರೆ ನೀನು ಎರಡು ಸಲ ಫೋನ್ ಮಾಡಿ, ಗುಸುಗುಸು ಎಂದು ಏನೋ ಅಂದು ಇಟ್ಟುಬಿಟ್ಟೆ. ಮಾತಾಡಲು ಮನಸ್ಸಿಲ್ಲದವನು ಫೋನ್ ಯಾಕೆ ಮಾಡಬೇಕು? ನಮ್ಮ ಫೋನೇ ಕೆಟ್ಟಿದೆಯೇನೋ ಎಂದು ರಿಪೇರಿಯವನನ್ನು ಕರೆಸಿದೆ. ಅವನು ಎರಡು ಸಲ ಬಿಚ್ಚಿ ನೋಡಿ, ಏನೂ ಕೆಟ್ಟಿಲ್ಲ ಎಂದು ಹೇಳಿ, ಟೀ ಕುಡಿದು ಹೋದ.

ವಿಷಯಕ್ಕೆ ಬರುತ್ತೇನೆ. ಬೆಟ್ಟದ ಮೇಲಿನ ಮನೆಗಳಿಗೆ ಹೆರಿಗೆ ಮಾಡಿಸಲು ಹೋಗುವ ನರ್ಸಮ್ಮ ಗೊತ್ತಲ್ಲ, ಹಸಿರು ಕಾರಿನವರು. ಇಂಜಿನ್ ಹಿಂದುಗಡೆ, ನೀರಿನ ಹಂಗಿಲ್ಲ, ತಣ್ಣಗಾಗಲು ಫ್ಯಾನಿನ ಗಾಳಿಯೇ ಗತಿ. ಅದು ಈಗ ಚಳಿಯಲ್ಲಿ ಏರು ಹತ್ತುವಾಗ ಕೆಮ್ಮುತ್ತದೆ. ಒಂದೇ ಕಾರ್ಬುರೇಟರ್ ನಡುವೆ ಕೂತು ಎರಡು ಕಡೆಗೂ ಮೊಳದುದ್ದದ ಪೈಪಿನಲ್ಲಿ ಪೆಟ್ರೋಲು ಗಾಳಿ ಬೆರೆಸಿ ಕಳಿಸಬೇಕು. ಆ ಪೈಪು ತಣ್ಣಗಾಗಿ ಮೇಲೆ ಮಂಜು ಕಟ್ಟುತ್ತದೆ. ಮೇಲೆ ಯಾವಳೋ ಹೆಂಗಸು ಹೆರಿಗೆ ನೋವು ತಿನ್ನುತ್ತಿರುವಾಗ ಈ ಕಾರು ದಾರಿಯಲ್ಲಿ ಕೆಮ್ಮುತ್ತಾ ನಿಂತರೆ ಹೇಗೆ? "ಇದಕ್ಕೆ ಇನ್ನೊಂದು ಮೂಗಿನ ಹೊಳ್ಳೆ ಮಾಡಿಕೊಡಿ" ಎಂದರು ನರ್ಸಮ್ಮ. ಸರಿ, ಒಂದನ್ನು ತೆಗೆದು, ಎರಡು ಕಾರ್ಬುರೇಟರ್ ಕೂರಿಸುತ್ತಿದ್ದೇನೆ. ಎಡಕ್ಕೊಂದು, ಬಲಕ್ಕೊಂದು, ನೇರ ವಾಲ್ವ್‌ಗಳು ಕೂರುವ ಸಿಲಿಂಡರ್ ಹೆಡ್ಡಿನ ಮೇಲೆ.

ಕಾರ್ಬುರೇಟರಿಗೆ ಪೆಟ್ರೋಲು ಅಳೆದು ಬಿಡುವ ಹಿತ್ತಾಳೆ ಜೆಟ್‌ಗಳ ಡಬ್ಬಿ ಎಲ್ಲಿಟ್ಟಿದ್ದೀಯ? ಗ್ಯಾರೇಜನ್ನೆಲ್ಲ ಜಾಲಾಡಿದೆ. ಬರುವಾಗ ಖಾಲಿ ಕೈಯಲ್ಲಿ ಬಂದವನು ಹೋಗುವಾಗ ನನ್ನ ಅರ್ಧ ಗ್ಯಾರೇಜನ್ನು ತಲೆಯಲ್ಲಿಟ್ಟುಕೊಂಡು ಹೋಗಿದ್ದೀಯ.

ಹೆಡ್‌ಗಳನ್ನು ಈ ಸಲ ಲೇತ್ ಅಂಗಡಿಗೆ ಕೊಟ್ಟಿದ್ದೇನೆ. ಹಳೆಯದನ್ನು ಕೆದಕಬಾರದು ಎಂದುಕೊಂಡೇ ಕೂತೆ, ಆದರೂ ಪೆನ್ನು ಕೇಳುವುದಿಲ್ಲ. ಹೀಗೇ ಎರಡು ಕಾರ್ಬುರೇಟರ್ ಕೂರಿಸಿ ಕೊಟ್ಟ ಐದು ಇಂಜಿನ್ ಒಂದೇ ವರ್ಷದಲ್ಲಿ ವಾಪಸು ಬಂದವು. ಐದರಲ್ಲೂ ಸುಟ್ಟಿದ್ದು ಎಡಗಡೆಯ ವಾಲ್ವ್. ಐದು ಹೆಡ್ಡನ್ನೂ ಮಾಡಿದವನು ನೀನು. ಎಡಗಡೆ ಆಯಿಲ್ ಕೂಲರ್ ಗಾಳಿಗೆ ಅಡ್ಡ ಕೂತಿರುತ್ತದೆ, ಆ ಕಡೆ ಬಿಸಿ ಜಾಸ್ತಿ, ಅಲ್ಲಿ ಮೈಯೆಲ್ಲ ಕಣ್ಣಾಗಿರಬೇಕು ಎಂದು ನಿನಗೆ ಕಲಿಸಿದವನೇ ನಾನು. ಅಷ್ಟೇ ನನ್ನ ಸಂಕಟ.

ಕಾರು ಬಿಚ್ಚಿಕೊಂಡು ಕೂತಿದೆ, ಬೇಗ ಬರೆ.

ಅಣ್ಣ


ಜನವರಿ 21

ಅಣ್ಣನವರಿಗೆ,

ಕಾಗದ ತಲುಪಿತು. ಜೆಟ್‌ಗಳು ಗ್ಯಾಸ್ಕೆಟ್ ಹಾಳೆಗಳ ಹಿಂದೆ, ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿವೆ. ಅಳತೆ ಬರೆದು ಒಂದೊಂದನ್ನೂ ಕಾಗದದಲ್ಲಿ ಸುತ್ತಿದ್ದೇನೆ. ಬೆಟ್ಟಕ್ಕೆ ಹೋಗುವ ಕಾರಾದ್ದರಿಂದ ಒಂದು ಅಳತೆ ಚಿಕ್ಕದನ್ನೇ ಹಾಕಿ. ಮೇಲೆ ಹೋದಂತೆ ಗಾಳಿ ತೆಳುವು, ಪೆಟ್ರೋಲು ಹೆಚ್ಚಾಗುತ್ತದೆ.

ಇನ್ನೊಂದು ಮಾತು, ನಿಮಗೆ ಗೊತ್ತಿಲ್ಲದ್ದೇನಲ್ಲ. ಎರಡು ಕಾರ್ಬುರೇಟರನ್ನು ಜೋಡಿಸುವ ಅಡ್ಡ ರಾಡನ್ನು ಇಂಜಿನ್ ತಣ್ಣಗಿದ್ದಾಗ ಹೊಂದಿಸಬೇಡಿ. ಬಿಸಿಯಾದ ಮೇಲೆ ಇಂಜಿನ್ ಅಡ್ಡಡ್ಡ ಹಿಗ್ಗುತ್ತದೆ, ಬೆಳಗ್ಗೆ ಸರಿಯಿದ್ದದ್ದು ಮಧ್ಯಾಹ್ನಕ್ಕೆ ಒಂದು ಕಡೆ ಎಳೆಯುತ್ತದೆ.

ಫೋನಿನಲ್ಲಿ ನಾನು ಗುಸುಗುಸು ಎನ್ನಲಿಲ್ಲ. ಎರಡು ಸಲವೂ ಗಟ್ಟಿಯಾಗಿ, ಪೂರ್ತಿ ಮಾತಾಡಿದೆ. ನೀವು "ಯಾರು, ಯಾರು" ಎಂದು ಇಟ್ಟಿರಿ. ನನ್ನ ದನಿಯೂ ಬೇಡವಾಯಿತು ಎಂದುಕೊಂಡೆ. ಹೊರಡುವ ದಿನವೂ ಹಾಗೆಯೇ ಆಯಿತು. ನನ್ನ ಬೆಂಚಿನ ಹತ್ತಿರ ನಿಂತು ನಿಮ್ಮನ್ನು ಒಂದು ಮಾತು ಕೇಳಿದೆ. ನೀವು ತಲೆ ಎತ್ತಲಿಲ್ಲ, ಸ್ಪ್ಯಾನರ್ ಕೆಳಗಿಡಲಿಲ್ಲ. ಉತ್ತರ ಕೊಡದಿದ್ದರೆ ಅದೇ ಉತ್ತರ ಎಂದು ಬ್ಯಾಗು ಎತ್ತಿಕೊಂಡೆ.

ಇಲ್ಲಿ ಬಸ್ ಡಿಪೋದಲ್ಲಿ ನನಗೆ ಬ್ರೇಕ್ ಬಿಚ್ಚುವ ಕೆಲಸ. ಬೆಳಗ್ಗೆಯಿಂದ ಸಂಜೆಯವರೆಗೆ ಕಪ್ಪು ಧೂಳು. ಹೆಡ್ ಮುಟ್ಟಲು ಬಿಡುವುದಿಲ್ಲ. ನಾನು ಬರುವ ಮೊದಲೇ ನಿಮ್ಮ ಮಾತು ಇಲ್ಲಿಗೆ ಬಂದು ಸೇರಿತ್ತು: ಹೆಡ್ ಕೆಡಿಸಿ ಅಣ್ಣನಿಂದ ಓಡಿಸಿಕೊಂಡವನು ಎಂದು. ಇಪ್ಪತ್ತೆರಡು ವರ್ಷ ಮಾಡಿದ ಕೆಲಸ ಅದೊಂದೇ. ಅದು ಹೋದ ಮೇಲೆ ನಾನು ಯಾರೆಂದು ನನಗೇ ಸರಿಯಾಗಿ ಗೊತ್ತಾಗುತ್ತಿಲ್ಲ.

ಅತ್ತಿಗೆಯ ಮಂಡಿನೋವು ಹೇಗಿದೆ, ಬರೆಯಿರಿ.

ತಮ್ಮ


ಫೆಬ್ರವರಿ 17

ತಮ್ಮನಿಗೆ,

ಅಣ್ಣನವರು ಯಾರು? ನೀವು ಯಾರು? ನನ್ನ ಹೆಗಲ ಮೇಲೆ ಕೂತು ಕೂದಲು ಎಳೆಯುತ್ತಿದ್ದವನಿಗೆ ಯಾವಾಗಿನಿಂದ ನಾನು ಬಹುವಚನವಾದೆ? ಬೈಯುವುದಿದ್ದರೆ ನೇರವಾಗಿ ಬೈ.

ಡಬ್ಬಿ ಸಿಕ್ಕಿತು. ಕಾರು ಮುಗಿಯಿತು. ಹೇಗಾಯಿತು ಎಂದು ಹೇಳಿದರೆ ನಿನಗೂ ಹೊಟ್ಟೆ ತಣ್ಣಗಾಗಬಹುದು, ನೀನು ಮಾಡದಿದ್ದರೂ. ಹಳೆಯ ಪೈಪು ಕಿತ್ತು ಹಾಕಿದಾಗ ಇಂಜಿನ್ ಕೋಣೆಯ ನಡುವೆ ಎಷ್ಟು ಜಾಗ ಬಿಟ್ಟಿತೆಂದರೆ, ಇಷ್ಟು ದಿನ ಇದು ಹೇಗೆ ಉಸಿರಾಡುತ್ತಿತ್ತೋ ಎನ್ನಿಸಿತು. ಎಡದ ಕಾರ್ಬುರೇಟರ್ ಫ್ಯಾನಿನ ಕವಚಕ್ಕೆ ತಗುಲುತ್ತಿತ್ತು, ಕವಚದ ಅಂಚು ಮಡಚಿ ಜಾಗ ಮಾಡಿದೆ. ರಾಡನ್ನು ಇಂಜಿನ್ ಬಿಸಿಯಾದ ಮೇಲೆಯೇ ಹೊಂದಿಸಿದೆ, ನಿನ್ನ ಅಪ್ಪಣೆಯಂತೆ.

ಕೊನೆಗೆ ನಮ್ಮ ಡಾಕ್ಟರನ್ನು, ಅದೇ ಇಂಜಿನ್ನಿನ ಉಸಿರು ಕೇಳುವ ನಳಿಗೆಯನ್ನು, ಗೂಟದಿಂದ ಇಳಿಸಿದೆ. ನರ್ಸಮ್ಮ ಅಲ್ಲೇ ಇದ್ದರು. "ಇದೇನು, ನಮ್ಮ ಸ್ಟೆತಸ್ಕೋಪ್ ಕದ್ದುಬಿಟ್ಟಿದ್ದೀರಿ" ಎಂದರು. ಕದ್ದಿದ್ದಲ್ಲಮ್ಮ, ಹಳೆಯದೊಂದನ್ನು ಕತ್ತರಿಸಿ ನಾನೇ ಮಾಡಿದ್ದು ಎಂದೆ. ಎರಡು ಕಿವಿಗೆ ಎರಡು ಬೇರೆ ಬೇರೆ ರಬ್ಬರ್ ನಳಿಗೆ. ಎಡ ನಳಿಗೆಯ ತುದಿ ಎಡ ಕಾರ್ಬುರೇಟರಿನ ಬಾಯಿಗೆ, ಬಲದ್ದು ಬಲಕ್ಕೆ. ಎರಡೂ ಉಸಿರೆಳೆಯುವ ಸದ್ದು ಒಟ್ಟಿಗೆ ಕೇಳುತ್ತದೆ. ಬೇರೆ ಮೆಕ್ಯಾನಿಕ್‌ಗಳು ಒಂದೇ ನಳಿಗೆಯಲ್ಲಿ ಅಲ್ಲಿಗೊಮ್ಮೆ ಇಲ್ಲಿಗೊಮ್ಮೆ ಓಡಾಡುತ್ತಾರೆ, ಅಲ್ಲಿ ಕೇಳಿದ್ದು ಇಲ್ಲಿಗೆ ಬರುವಷ್ಟರಲ್ಲಿ ಮರೆತಿರುತ್ತಾರೆ ಎಂದು ಸ್ವಲ್ಪ ಜಂಬವನ್ನೂ ಕೊಚ್ಚಿದೆ.

ಎಡಗಡೆಯದು ಮೊದಲಿನಿಂದಲೂ ಸೋಂಬೇರಿ. ಬಲಗಡೆಯದರ ಅರ್ಧದಷ್ಟೂ ಸದ್ದಿಲ್ಲ. ತಿರುಪನ್ನು ಅರ್ಧ ಸುತ್ತು ಬಿಚ್ಚಿದೆ, ಮತ್ತೆ ಅರ್ಧ, ಮತ್ತೂ ಒಂದಿಷ್ಟು. ಎರಡು ಕಿವಿಯಲ್ಲೂ ಒಂದೇ ಸದ್ದು ಬರುವವರೆಗೆ ಬಿಡಲಿಲ್ಲ. ಈಚೆಗೆ ಬರುವ ಕಾರ್ಬುರೇಟರ್‌ಗಳೆಲ್ಲ ಹೀಗೆ, ಎಡಗಡೆಯದು ಮೈಗಳ್ಳ. ಗದರಿಸಿ ಕೆಲಸ ಮಾಡಿಸಬೇಕು.

ನರ್ಸಮ್ಮ ಬೆಟ್ಟ ಹತ್ತಿ ಇಳಿದು ಬಂದು, "ಕಾರು ಬದಲಾಯಿಸಿ ಕೊಟ್ಟಿರಾ" ಎಂದರು. ಹೊಗಳಿಸಿಕೊಂಡು ಒಳಗೆ ಬಂದರೆ ತೋರಿಸಲು ಯಾರೂ ಇರಲಿಲ್ಲ. ನಿನ್ನ ಬೆಂಚಿನ ಮೇಲೆ ಧೂಳು ಕೂತಿದೆ, ನಾನು ಒರೆಸಿಲ್ಲ.

ನೀನು ಹೊರಡುವಾಗ ಏನೂ ಕೇಳಲಿಲ್ಲ. ನಾನು ತಲೆ ಎತ್ತಿದಾಗ ನಿನ್ನ ಬೆನ್ನು ಕಾಣಿಸಿತು. ಒಂದು ಮಾತೂ ಆಡದೆ ಹೋದ ಎಂದು ನಾನು ಒಂಬತ್ತು ತಿಂಗಳಿನಿಂದ ಕುದಿಯುತ್ತಿದ್ದೇನೆ. ಈಗ ಕಥೆ ಕಟ್ಟಬೇಡ.

ನಿನ್ನ ಏಕವಚನದ ಅಣ್ಣ


ಮಾರ್ಚ್ 11

ಪ್ರೀತಿಯ ಮೈದುನನಿಗೆ,

ನಿನ್ನ ಅಣ್ಣನಿಗೆ ಹೇಳದೆ ಬರೆಯುತ್ತಿದ್ದೇನೆ. ಮದುವೆಯಾಗಿ ಬಂದಾಗಿನಿಂದ ಅವರಿಗೆ ಹೇಳದೆ ಮಾಡಿದ್ದು ಎರಡೋ ಮೂರೋ ಕೆಲಸ, ಅದರಲ್ಲಿ ಇದೊಂದು.

ನರ್ಸಮ್ಮನ ಕಾರು ಹೋದ ಗುರುವಾರ ಹಗ್ಗ ಕಟ್ಟಿಸಿಕೊಂಡು ಬಂತು. ಬೆಟ್ಟದ ಮುಕ್ಕಾಲು ದಾರಿಯಲ್ಲಿ ಶಕ್ತಿ ಹೋಗಿ ನಿಂತಿತಂತೆ. ಅವರು ಚೀಲ ಹೊತ್ತುಕೊಂಡು ನಲವತ್ತು ನಿಮಿಷ ನಡೆದಿದ್ದಾರೆ. ಹೋಗುವಷ್ಟರಲ್ಲಿ ಮಗು ಹುಟ್ಟಿತ್ತು, ತಾಯಿಗೆ ರಕ್ತ ನಿಂತಿರಲಿಲ್ಲ. ತಾಯಿ ಮಗು ಇಬ್ಬರೂ ಉಳಿದಿದ್ದಾರೆ, ಆದರೆ ಹೆತ್ತ ಹುಡುಗಿ ಇನ್ನೂ ಆಸ್ಪತ್ರೆಯಲ್ಲಿದ್ದಾಳೆ. ನರ್ಸಮ್ಮ ಇಲ್ಲಿಗೆ ಬಂದು ಕೂಗಾಡಿದ್ದರೆ ಚೆನ್ನಾಗಿತ್ತು. ಕೀಲಿಕೈಯನ್ನು ಮೇಜಿನ ಮೇಲಿಟ್ಟು, "ನೋಡಿ" ಎಂದಷ್ಟೇ ಹೇಳಿ ಹೋದರು.

ನಿನ್ನ ಅಣ್ಣ ಬಿಚ್ಚಿ ನೋಡಿದರು. ಎಡಗಡೆಯ ವಾಲ್ವ್ ಸುಟ್ಟಿದೆ. ಮತ್ತೆ ಎಡಗಡೆಯದೇ. ಲೇತ್ ಅಂಗಡಿಯವನ ಜೊತೆ ಹೋಗಿ ಜಗಳವಾಡಿ ಬಂದರು. "ಅವನೂ ನನ್ನ ತಮ್ಮನ ಥರಾನೇ, ಕಣ್ಮುಚ್ಚಿ ಕೆಲಸ ಮಾಡ್ತಾನೆ" ಅಂದರು. ನಾನು ಇಂಜಿನ್ ಬಗ್ಗೆ ತಲೆಬುಡ ತಿಳಿಯದವಳು. ಆದರೆ ಇದು ನಿನ್ನ ಕೈ ತಾಗದ ಹೆಡ್. ಅಷ್ಟು ನನಗೂ ತಿಳಿಯುತ್ತದೆ. ಅದನ್ನು ಬಾಯಿಬಿಟ್ಟು ಹೇಳಿದೆ. ಅವರು ತಟ್ಟೆ ಸರಿಸಿ ಎದ್ದುಹೋದರು.

ಈಗ ನನ್ನ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ. ಎರಡು ವರ್ಷದಿಂದ ನಾನು ಅವರ ಬಲಗಡೆಯೇ ಕೂರುತ್ತೇನೆ. ಎಡಗಡೆಯಿಂದ ಕರೆದರೆ ತಿರುಗುವುದಿಲ್ಲ. ಮೊದಮೊದಲು ಹಠ ಎಂದುಕೊಂಡೆ, ಸಿಟ್ಟು ಎಂದುಕೊಂಡೆ. ಫೋನನ್ನು ಯಾವಾಗಲೂ ಎಡಗಿವಿಗೆ ಹಿಡಿಯುತ್ತಾರೆ, ಬಲಗೈಯಲ್ಲಿ ಏನಾದರೂ ಕೆಲಸ ಇದ್ದೇ ಇರುತ್ತದಲ್ಲ. ಆಮೇಲೆ ಫೋನಿಗೆ ಬೈಯುತ್ತಾರೆ. ಅವರ ಎಡಗಿವಿ ಹೋಗುತ್ತಿದೆ ಕಣಪ್ಪ. ಅವರಿಗೇ ಗೊತ್ತಿಲ್ಲ, ಗೊತ್ತಾದರೂ ಒಪ್ಪುವುದಿಲ್ಲ. ನಾನು ಹೇಳಿದರೆ ಹೆಂಡತಿ ಮಾತು. ನೀನು ಹೇಳಿದರೆ ಸೇಡಿನ ಮಾತು ಅನ್ನುತ್ತಾರೋ ಏನೋ. ಆದರೂ ಆ ನಳಿಗೆಯ ವಿಷಯ ನಿನಗೇ ಚೆನ್ನಾಗಿ ಗೊತ್ತು.

ನನ್ನ ಮಂಡಿ ಹಾಗೇ ಇದೆ. ನಿನ್ನನ್ನು ನೆನೆಯದ ದಿನವಿಲ್ಲ.

ಅತ್ತಿಗೆ


ಮಾರ್ಚ್ 19

ಅಣ್ಣನವರಿಗೆ,

ನರ್ಸಮ್ಮನ ಕಾರಿನ ವಿಷಯ ನನಗೆ ತಿಳಿಯಿತು. ಹೇಗೆ ಎಂದು ಕೇಳಬೇಡಿ. ನಾಲ್ಕು ಕಾಗದ ಬರೆದು ಹರಿದೆ, ಇದು ಐದನೆಯದು.

ನಾನು ಏನೂ ಹೇಳುವುದಿಲ್ಲ, ಒಂದು ಕೆಲಸ ಮಾಡಲು ಮಾತ್ರ ಕೇಳುತ್ತೇನೆ. ಹೊಸ ಹೆಡ್ ಹಾಕಿ, ಇಂಜಿನ್ ಬಿಸಿಮಾಡಿ, ಡಾಕ್ಟರನ್ನು ಹಾಕಿಕೊಳ್ಳಿ. ಎಂದಿನಂತೆ ಒಂದು ಸಲ ಕೇಳಿ. ಆಮೇಲೆ ನಳಿಗೆಗಳನ್ನು ಅದಲುಬದಲು ಮಾಡಿ. ಎಡ ಕಾರ್ಬುರೇಟರಿನದು ಬಲಗಿವಿಗೆ ಬರಲಿ, ಬಲದ್ದು ಎಡಗಿವಿಗೆ. ತಿರುಪು ಮುಟ್ಟಬೇಡಿ. ಸುಮ್ಮನೆ ಕೇಳಿ.

ಆಗಲೂ ಸೋಂಬೇರಿ ಎಡಗಡೆಯೇ ಇದ್ದರೆ, ಐದು ಹೆಡ್ಡನ್ನೂ ಕೆಡಿಸಿದ್ದು ನಾನೇ ಎಂದು ಬರೆದು ಸಹಿ ಹಾಕಿ ಕಳಿಸುತ್ತೇನೆ. ಗ್ಯಾರೇಜಿನ ಬಾಗಿಲಿಗೆ ಬೇಕಾದರೂ ಅಂಟಿಸಿಕೊಳ್ಳಿ.

ಒಂದು ವರ್ಷದಿಂದ ನಾನು ಸರಿ, ನೀವು ತಪ್ಪು ಎಂದಾಗಲಿ ಎಂದು ಹಲ್ಲು ಕಚ್ಚಿಕೊಂಡು ಕಾದಿದ್ದೇನೆ. ಈಗ ಅದು ಆಗಬಹುದು ಎನ್ನುವಾಗ ಭಯವಾಗುತ್ತಿದೆ. ನನ್ನ ಮಾತು ಸುಳ್ಳಾದರೂ ಪರವಾಗಿಲ್ಲ ಎನ್ನಿಸುತ್ತಿದೆ. ಇದನ್ನು ನೀವು ನಂಬುವುದಿಲ್ಲ, ಆದರೂ ಬರೆದೆ.

ತಮ್ಮ


ಮಾರ್ಚ್ 27

ಡಾಕ್ಟರನ್ನು ತಿರುವುಮುರುವು ಹಾಕಿಕೊಂಡು ಕೂರಲು ನನಗೇನು ಹುಚ್ಚೇ? ನೀನು ಸ್ಪ್ಯಾನರ್ ಹಿಡಿಯುವ ಮೊದಲಿಂದ ಇಂಜಿನ್ ಕೇಳಿದ ಕಿವಿ ಇದು. ಮನೆಯೊಳಗಿನ ಸುದ್ದಿ ಯಾರು ಕಳಿಸಿದರೆಂದೂ ಗೊತ್ತು. ಇನ್ನು ಕಾಗದ ಬೇಡ.


ಮೇ 14

ಮರಿ,

ಕಾಗದ ಬೇಡ ಎಂದು ನಾನೇ ಬರೆದೆ, ಈಗ ನಾನೇ ಬರೆಯುತ್ತಿದ್ದೇನೆ. ನಿನ್ನನ್ನು ಮರಿ ಎಂದು ಕರೆದು ಎಷ್ಟು ವರ್ಷವಾಯಿತೋ. ಈವತ್ತು ಬೇರೆ ಏನು ಕರೆಯಲೂ ಬಾಯಿ ಬರುತ್ತಿಲ್ಲ.

ನಿನ್ನ ಮಾತಿಗೆ ಒಂದು ತಿಂಗಳು ಬೆನ್ನು ಹಾಕಿ ಕೂತೆ. ಏಪ್ರಿಲ್ ಕೊನೆಯ ಭಾನುವಾರ ಬೆಳಗ್ಗೆ ಹೊಸ ಹೆಡ್ ಕೂರಿಸಿ, ಎರಡು ತಿರುಪನ್ನೂ ಮೊದಲಿನಂತೆ ಸಮಕ್ಕೆ ತಂದು, ಇಂಜಿನ್ ಶುರುಮಾಡಿದೆ. ಕಾಲು ಗಂಟೆ ಬಿಸಿಯಾಗಲು ಬಿಟ್ಟು, ಡಾಕ್ಟರನ್ನು ಹಾಕಿಕೊಂಡೆ. ಎಡಗಡೆ ಸೋಂಬೇರಿ. ಸ್ಕ್ರೂಡ್ರೈವರ್ ತಿರುಪಿಗೆ ತಾಗಿಸಿದ್ದೆ. ಅಷ್ಟರಲ್ಲಿ ನಿನ್ನ ಕಾಗದ ನೆನಪಾಗಿ ಮೈಯೆಲ್ಲ ಉರಿಯಿತು. ನಿನ್ನನ್ನು ಸುಳ್ಳುಗಾರನೆಂದು ತೋರಿಸಿಯೇ ಬಿಡೋಣ ಎಂದು ನಳಿಗೆ ಅದಲುಬದಲು ಮಾಡಿದೆ.

ಸೋಂಬೇರಿ ಬಲ ಕಾರ್ಬುರೇಟರಿಗೆ ದಾಟಿದ.

ನಳಿಗೆ ಕಟ್ಟಿಕೊಂಡಿದೆ ಎಂದುಕೊಂಡೆ. ಸೀಮೆಎಣ್ಣೆಯಲ್ಲಿ ತೊಳೆದು ಊದಿದೆ. ಮತ್ತೆ ಹಾಗೇ. ಎರಡೂ ನಳಿಗೆ ಕಿತ್ತು ಹೊಸದು ಹಾಕಿದೆ. ಹಾಗೇ. ಇಂಜಿನ್ ನಿಲ್ಲಿಸಿ ಕೈಗಡಿಯಾರವನ್ನು ಬಲಗಿವಿಗೆ ಹಿಡಿದೆ, ಟಿಕ್ ಟಿಕ್ ಎಂದಿತು. ಎಡಗಿವಿಗೆ ಹಿಡಿದೆ. ಗಡಿಯಾರ ನಿಂತುಹೋಯಿತು ಎಂದು ತಿರುಗಿಸಿ ನೋಡಿದೆ, ಮುಳ್ಳು ಓಡುತ್ತಿತ್ತು. ಟೈರಿನ ಮೇಲೆ ಕೂತು ಮತ್ತೆ ಎರಡು ಕಿವಿಗೂ ಹಿಡಿದು ನೋಡಿದೆ.

ನಿನ್ನ ಅತ್ತಿಗೆಯನ್ನು ಕರೆದೆ. ಎಡಗಡೆ ನಿಲ್ಲು, ಏನಾದರೂ ಹೇಳು ಎಂದೆ. ಅವಳು ಹೇಳಿದಳೋ ಇಲ್ಲವೋ ತಿಳಿಯಲಿಲ್ಲ. ಬಲಗಡೆ ಬಂದು ಅದನ್ನೇ ಹೇಳು ಎಂದೆ. "ಊಟಕ್ಕೆ ಬನ್ನಿ ಅಂತ ಎರಡು ವರ್ಷದಿಂದ ಎರಡೆರಡು ಸಲ ಕರೀತಿದ್ದೀನಿ" ಅಂದಳು. ಅತ್ತುಬಿಟ್ಟಳು.

ನರ್ಸಮ್ಮನ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಟಾರ್ಚ್ ಹಾಕಿ ಕಿವಿಯೊಳಗೆ ನೋಡಿದರು. ಗುಗ್ಗೆ ಕಟ್ಟಿರಲಪ್ಪಾ, ಬರೀ ಗುಗ್ಗೆ ಆಗಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. "ಗುಗ್ಗೆ ಗಿಗ್ಗೆ ಏನೂ ಇಲ್ಲ, ಕ್ಲೀನಾಗಿದೆ" ಎಂದು ಕಿವಿ ಡಾಕ್ಟರಿಗೆ ಚೀಟಿ ಬರೆದರು. ಆ ಡಾಕ್ಟರು ಕೇಳಿದ್ದು, ಇಂಜಿನ್ ಫ್ಯಾನಿನ ಪಕ್ಕ ಎಷ್ಟು ವರ್ಷ ಕೆಲಸ ಮಾಡಿದ್ದೀರಿ ಎಂದು. ಮೂವತ್ತೈದು ಎಂದೆ. ಬಲಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಬಗ್ಗುವಾಗ ಯಾವ ಕಿವಿ ಫ್ಯಾನಿನ ಕಡೆ ಇರುತ್ತದೆ ಎಂದು ನೀನೇ ಲೆಕ್ಕ ಹಾಕು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರು.

ಆ ಕಾರ್ಬುರೇಟರ್ ಸೋಂಬೇರಿಯಾಗಿರಲೇ ಇಲ್ಲ ಮರಿ. ಸರಿಯಾಗಿ ಉಸಿರಾಡುತ್ತಿದ್ದದ್ದಕ್ಕೆ ಇನ್ನೂ ಉಸಿರು ತುರುಕಿ, ಎಡಗಡೆಯ ಮೇಲೆ ಇಡೀ ಭಾರ ಹಾಕಿ, ನಾನೇ ಸುಟ್ಟೆ. ಒಂದಲ್ಲ, ಆರು ಇಂಜಿನ್. ಕಿವಿ ಹೋದಷ್ಟೂ ತಿರುಪು ತಿರುಗಿಸಿದೆ. ಆಮೇಲೆ ನಿನ್ನ ಕಡೆ ಬೆರಳು ತೋರಿಸಿದೆ. ಬೆಟ್ಟದ ಮೇಲೆ ಆ ಹುಡುಗಿ ಹೋಗಿಬಿಟ್ಟಿದ್ದರೆ ಅದೂ ನನ್ನ ಕೈಯಿಂದಲೇ ಆಗುತ್ತಿತ್ತು. ಅವಳು ಮನೆಗೆ ಬಂದಿದ್ದಾಳೆ, ಹೋಗಿ ನೋಡಿ ಬಂದೆ. ಮಗುವನ್ನು ನನ್ನ ಕೈಗೆ ಕೊಟ್ಟಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ, ಹೇಳುವ ಧೈರ್ಯ ನನಗಾಗಲಿಲ್ಲ.

ಐದು ಕಾರಿನವರ ಮನೆಗೂ ಹೋದೆ. ಹೆಡ್ ಸರಿಯಾಗಿಯೇ ಇತ್ತು, ಕೆಡಿಸಿದ್ದು ನನ್ನ ಟ್ಯೂನಿಂಗ್, ತಮ್ಮನದು ಏನೂ ತಪ್ಪಿಲ್ಲ ಎಂದು ಹೇಳಿದೆ. ಲೇತ್ ಅಂಗಡಿಯವನ ಹತ್ತಿರವೂ ತಪ್ಪಾಯಿತು ಎಂದೆ. ನಿನ್ನ ಡಿಪೋದ ಫೋರ್‌ಮನ್‌ಗೆ ಬರೆದ ಕಾಗದ ಇದರ ಜೊತೆಗೇ ಇದೆ. ಓದಿ, ಸಾಲದು ಎನ್ನಿಸಿದರೆ ಹೇಳು, ಇನ್ನೊಂದು ಬರೆಯುತ್ತೇನೆ.

ಆ ದಿನ ಬೆಂಚಿನ ಹತ್ತಿರ ನಿಂತು ನೀನು ಏನೋ ಕೇಳಿದೆ ಎಂದಿದ್ದೆ. ನಿನ್ನ ಬೆಂಚು ನನ್ನ ಎಡಗಡೆ. ಏನು ಕೇಳಿದೆ? ಕೆಟ್ಟ ಮಾತಾದರೂ ಸರಿ, ಬರೆ. ತಿಳಿಯದೆ ಇರಲು ಆಗುತ್ತಿಲ್ಲ.

ಅಣ್ಣ


ಮೇ 22

ಅಣ್ಣಾ,

ಫೋರ್‌ಮನ್ ನಿನ್ನ ಕಾಗದ ಓದಿ, ಮಡಚಿ ಜೇಬಿಗಿಟ್ಟುಕೊಂಡು, ಒಂದು ಹೆಡ್ ತಂದು ನನ್ನ ಮುಂದೆ ಇಟ್ಟ. ಒಂದು ವರ್ಷದ ಮೇಲೆ ಮುಟ್ಟಿದೆ. ಕೈ ಮರೆತಿಲ್ಲ.

ಸಿಟ್ಟು ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಬ್ರೇಕಿನ ಧೂಳು ಉಗುಳುತ್ತಾ ನಿನ್ನನ್ನು ಎಷ್ಟು ಬೈದುಕೊಂಡಿದ್ದೇನೆ ಎಂದು ನಿನಗೆ ಗೊತ್ತಾಗಬಾರದು. ಕಿವಿ ಹೋಗಿದ್ದು ನಿನ್ನ ತಪ್ಪಲ್ಲ. ಆದರೆ ಐದು ಸಲವೂ ತಪ್ಪು ನನ್ನದೇ ಇರಬೇಕು, ನಿನ್ನದು ಇರಲಾರದು ಎಂದುಕೊಂಡೆಯಲ್ಲ, ಅದಕ್ಕೆ ಕಿವಿ ಕಾರಣವಲ್ಲ. ಇದನ್ನು ಒಂದು ಸಲ ಹೇಳಬೇಕಿತ್ತು, ಹೇಳಿದೆ.

ಆ ದಿನ ನಾನು ಕೇಳಿದ್ದು ಕೆಟ್ಟ ಮಾತೇನಲ್ಲ. ಕೇಳಿದ್ದು ಇಷ್ಟೇ: "ಅಣ್ಣಾ, ಈ ಒಂದು ಇಂಜಿನ್ ನಾನು ಟ್ಯೂನ್ ಮಾಡ್ತೀನಿ, ಹೆಡ್ ನೀನು ಮಾಡು. ಆಮೇಲೂ ಎಡಗಡೆನೇ ಸುಟ್ರೆ ನಾನೇ ಹೋಗ್ತೀನಿ. ಇರು ಅಂತೀಯಾ?"

ಒಂದು ಇಂಜಿನ್ನಿನಲ್ಲಿ ತಿಳಿದುಹೋಗುತ್ತಿತ್ತು. ನರ್ಸಮ್ಮ ಬೆಟ್ಟದಲ್ಲಿ ನಡೆಯಬೇಕಾಗುತ್ತಿರಲಿಲ್ಲ.

ಇದರಲ್ಲಿ ನನ್ನ ಪಾಲೂ ಇದೆ. ಪಕ್ಕದಲ್ಲಿ ಇನ್ನೊಂದು ಕಾರಿನ ಇಂಜಿನ್ ಓಡುತ್ತಿತ್ತು, ನೀನು ಬಗ್ಗಿದ್ದೆ, ಬೇರೆ ಯಾರಾದರೂ ಆಗಿದ್ದರೆ ಮತ್ತೊಮ್ಮೆ ಕೇಳುತ್ತಿದ್ದರು. ನಾಲ್ಕು ಹೆಜ್ಜೆ ಸುತ್ತಿ ನಿನ್ನ ಮುಂದೆ ಬಂದು ನಿಲ್ಲಬಹುದಿತ್ತು. ಎರಡನೇ ಸಲ ಕೇಳಲು ನನ್ನ ಸೊಕ್ಕು ಬಿಡಲಿಲ್ಲ. ಮಾತು ಆಡಿದ್ದೇನೆ, ಕೇಳಿಸಿಕೊಳ್ಳುವುದು ಅವನ ಕೆಲಸ ಎಂದು ಬ್ಯಾಗು ಎತ್ತಿದೆ. ನಿನ್ನ ತಮ್ಮನಲ್ಲವೇ.

ಬಲಗಿವಿಗೆ ಹತ್ತಿ ಇಟ್ಟುಕೊಂಡು ಕೆಲಸ ಮಾಡು.

ತಮ್ಮ


ಜೂನ್ 3

ಮರಿ,

ನಿನ್ನ ಕಾಗದವನ್ನು ನಾನು ಓದಿಕೊಂಡೆ. ಆಮೇಲೆ ನಿನ್ನ ಅತ್ತಿಗೆಯನ್ನು ಬಲಗಡೆ ಕೂರಿಸಿ ಗಟ್ಟಿಯಾಗಿ ಓದಿಸಿದೆ. ಆ ಮಾತನ್ನು ಒಂದು ಸಲ ಕಿವಿಯಿಂದ ಕೇಳಬೇಕಿತ್ತು. ಐದು ಸಲದ ವಿಷಯ ನೀನು ಹೇಳಿದ್ದು ಸರಿ.

ಡಾಕ್ಟರನ್ನು ಕತ್ತರಿಸಿ ಒಂದು ನಳಿಗೆ ಮಾಡಿದೆ. ಒಂದೇ ಕಿವಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಡಾಡುತ್ತೇನೆ, ನಾನು ಯಾರನ್ನು ನೋಡಿ ನಗುತ್ತಿದ್ದೆನೋ ಅವರ ಹಾಗೆಯೇ. ಅಲ್ಲಿ ಕೇಳಿದ್ದು ಇಲ್ಲಿಗೆ ಬರುವಷ್ಟರಲ್ಲಿ ನಿಜವಾಗಿಯೂ ಮರೆಯುತ್ತದೆ. ಎರಡೂ ಸಮ ಬಂದಂತೆ ಕಾಣುತ್ತದೆ. ಆದರೆ ನನ್ನ ಕಿವಿಯನ್ನು ನಾನೇ ನಂಬುವುದಿಲ್ಲ, ಬೀಗದ ಕೈ ನರ್ಸಮ್ಮನಿಗೆ ಇನ್ನೂ ಕೊಟ್ಟಿಲ್ಲ. ಈ ತಿಂಗಳ ಕೊನೆಗೆ ಬೆಟ್ಟದ ಮೇಲೆ ಎರಡು ಹೆರಿಗೆ ಇವೆಯಂತೆ. ನಿನ್ನೆ ಬಂದಿದ್ದರು. "ಯಾರ ಕಿವಿ ಅಂತ ನಾನು ಕೇಳಲ್ಲ. ಯಾರ ಜವಾಬ್ದಾರಿ ಅಂತ ಕೇಳ್ತೀನಿ" ಎಂದರು. ನನ್ನದು ಎಂದೆ. ಅವರು ಆಮೇಲೂ ಹೋಗದೆ, ನಿನ್ನ ಖಾಲಿ ಜಾಗವನ್ನೇ ನೋಡುತ್ತಾ ನಿಂತಿದ್ದರು.

ಇನ್ನೊಂದು ಸಣ್ಣ ಸುದ್ದಿ. ಎಡಗೋಡೆಯಲ್ಲಿದ್ದ ಹೆಡ್ ಬೆಂಚನ್ನು ಕಿತ್ತು ಬಲಗೋಡೆಗೆ ಹಾಕಿಸಿದ್ದೇನೆ. ಧೂಳನ್ನೂ ಒರೆಸಿದೆ. ಬಡಗಿ, "ಇಲ್ಲಿ ಯಾರು ನಿಂತು ಕೆಲಸ ಮಾಡ್ತಾರೆ, ಎತ್ತರ ಎಷ್ಟಿರಲಿ?" ಎಂದು ಕೇಳಿದ. ಮೊದಲಿದ್ದಷ್ಟೇ ಇರಲಿ ಎಂದೆ.

ಅಣ್ಣ


ಜೂನ್ 9

ಅಣ್ಣಾ,

ಡಿಪೋದಲ್ಲಿ ರಜೆ ಬರೆದುಕೊಟ್ಟಿದ್ದೇನೆ. ಶನಿವಾರ ಮೊದಲ ಬಸ್ಸಿಗೆ ಬರುತ್ತೇನೆ. ಇಂಜಿನ್ ತಣ್ಣಗೇ ಇರಲಿ, ನಾನೇ ಶುರುಮಾಡುತ್ತೇನೆ. ನೀನು ಕೇಳಿ ಹೇಳು, ನಾನು ಕೇಳಿ ಹೇಳುತ್ತೇನೆ, ಎರಡೂ ಒಂದೇ ಆದರೆ ಮಾತ್ರ ಕೀಲಿಕೈ ಕೊಡೋಣ.

ಅಷ್ಟರಲ್ಲಿ ಆ ಬಡಗಿಯನ್ನು ಮತ್ತೆ ಕರೆಸು. ಬೆಂಚು ಮೂರು ಇಂಚು ಕೆಳಗಿಳಿಯಬೇಕು. ಮೊದಲಿದ್ದ ಎತ್ತರಕ್ಕೆ ಭುಜ ನೋಯುತ್ತದೆ ಎಂದು ಹೋಗುವ ಮೊದಲು ಒಂದು ವರ್ಷ ದಿನಾ ನಿನಗೆ ಹೇಳುತ್ತಲೇ ಇದ್ದೆ.

ಮರಿ